ಕೂಸಿಗೆ ಮುಂಚೆ ಬಚ್ಚಲ ದೀಪ

ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದು ಚೊಂಬು ನೀರನ್ನೂ ಮೈಮೇಲೆ ಸುರಿದುಕೊಳ್ಳದೆ, ಇಸ್ತ್ರಿ ಮಾಡಿದ ಅಂಗಿಯಲ್ಲೇ ಅರ್ಧ ದಿನ ಕಳೆದು, ಒಣಗಿದ್ದವರು ಒಣಗಿದಂತೆಯೇ ಹೊರಗೆ ಬಂದು, "ಇವತ್ತು ಒಳ್ಳೇ ಕೆಲಸ ಆಯ್ತು ಕಣೇ, ಕಾಫಿ ಕೊಡು" ಎನ್ನುವ ಮನುಷ್ಯರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿಲ್ಲದಿದ್ದರೆ ವಿಜಯನಗರಕ್ಕೆ ಬನ್ನಿ. ಹೊಸಹಳ್ಳಿ ಮೆಟ್ರೋದಲ್ಲಿ ಇಳಿದು ಯಾವುದಾದರೂ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿ. ಅಂಗಡಿಯವರ ಮುಖದಲ್ಲಿ ಒಂದು ಬಗೆಯ ಭಯಭಕ್ತಿ ಕಾಣಿಸಿದರೆ ದಾರಿ ಸರಿಯಾಗಿದೆ ಎಂದು ತಿಳಿಯಿರಿ. ಆ ಬಚ್ಚಲ ಮನುಷ್ಯರೇ ನಮ್ಮ ಚಿಕ್ಕಪ್ಪ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಚಿಕ್ಕಪ್ಪ ಹುಚ್ಚರಲ್ಲ. ಹುಚ್ಚರಾಗಿದ್ದರೆ ನಮಗೆಲ್ಲ ಎಷ್ಟೋ ಅನುಕೂಲವಾಗುತ್ತಿತ್ತು! ಪಾಪ, ತಲೆ ಸರಿಯಿಲ್ಲ ಎಂದು ಸುಮ್ಮನಿದ್ದುಬಿಡಬಹುದಿತ್ತು. ತೊಂದರೆ ಏನೆಂದರೆ ಕೊನೆಗೆ ಅವರು ಹೇಳಿದ್ದೇ ಸರಿಯಾಗುತ್ತದೆ. ನಾವು ನಕ್ಕು ಮುಗಿಸಿ ಬಾಯಿ ಮುಚ್ಚುವ ಹೊತ್ತಿಗೆ ನಮಗೇ ಬೆರಗಾಗಿರುತ್ತದೆ. ನಕ್ಕವರೇ ಮತ್ತೆ ಬೆರಗಾಗಬೇಕಾದ ಅವಮಾನ ಇದೆಯಲ್ಲ, ಅದನ್ನು ಅನುಭವಿಸಿದವರೇ ಬಲ್ಲರು.

ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಬೋಲ್ಟುಗಳು ಸರಿಯಾಗಿವೆಯೇ ಎಂದು ಪರೀಕ್ಷೆ ಮಾಡುವುದು ಅವರ ಕೆಲಸವಾಗಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕೆ ಎಸೆಯುತ್ತಿದ್ದರಂತೆ. ನಿವೃತ್ತರಾದ ಮೇಲೆ ಬೋಲ್ಟುಗಳು ಹೋದವು, ನಾವು ಉಳಿದೆವು. ಹೊಸದರಲ್ಲಿ ಅವರು ಕಾಲಿಂಗ್ ಬೆಲ್ಲಿನ ಬೆನ್ನು ಹತ್ತಿದರು. ಬೆಲ್ ಹೊಡೆದಾಗ ಒಳಗಿರುವವರ ಎದೆ ಹಾರಬಾರದು, ಆದರೆ ಬಂದವರಿಗೆ ತಮ್ಮನ್ನು ಕಡೆಗಣಿಸಿದರು ಅಂತಲೂ ಅನ್ನಿಸಬಾರದು. ಇದು ಅವರ ಸಿದ್ಧಾಂತ. ಅದಕ್ಕಾಗಿ ಆ ಬೆಲ್ಲನ್ನು ಹಜಾರದ ಗೋಡೆಯಿಂದ ಕಿತ್ತು, ಅಡುಗೆಮನೆಯ ಅಟ್ಟದಲ್ಲಿ ಉಪ್ಪಿನಕಾಯಿ ಜಾಡಿಗಳ ನಡುವೆ ಕೂರಿಸಿದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಈಗ ನಮ್ಮ ಮನೆಯಲ್ಲಿ ಯಾರಾದರೂ ಬೆಲ್ ಒತ್ತಿದರೆ ನನ್ನ ಕೈಯಲ್ಲಿರುವ ಕಾಫಿ ತುಳುಕುತ್ತದೆ. ಅವರ ಮನೆಯಲ್ಲಿ ಒತ್ತಿದರೆ ಯಾರೋ ಮರ್ಯಾದಸ್ಥರು ಮೆಲ್ಲಗೆ ಕೆಮ್ಮಿದಂತೆ ಕೇಳಿಸುತ್ತದೆ. ಏನು ಹೇಳುತ್ತೀರಿ ಇದಕ್ಕೆ?

ಹೋಗಲಿ, ಬಚ್ಚಲಿಗೆ ಬರೋಣ.

ಒಂದು ಭಾನುವಾರ ಬೆಳಿಗ್ಗೆ ಅವರ ಫೋನು ಬಂತು. "ಮನೇಲಿದ್ಯೇನಮ್ಮಾ? ತಕ್ಷಣ ಹೊರಟು ಬಾ. ಫೋನಲ್ಲಿ ಹೇಳೋ ವಿಷಯ ಅಲ್ಲ" ಎಂದವರೇ ಇಟ್ಟುಬಿಟ್ಟರು. ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಅವರ ಒಬ್ಬಳೇ ಮಗಳು, ಅಂದರೆ ನನ್ನ ತಂಗಿ, ಆಗ ತುಂಬಿದ ಬಸುರಿ. ಕೆಂಗೇರಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಹಿಂದಿನ ಸಲ ದಿನ ತುಂಬಿ, ನೋವು ಬಂದು, ಆಸ್ಪತ್ರೆಗೆ ಹೋಗಿ, ಬರಿಗೈಯಲ್ಲಿ ವಾಪಸ್ಸಾದವಳು ಅವಳು. ಅದಾದ ಮೇಲೆ ಆ ಮನೆಯ ಫೋನು ಎಂದರೆ ನಮಗೆಲ್ಲ ಕೈಕಾಲು ತಣ್ಣಗಾಗುತ್ತಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದವಳು ಹಾಗೆಯೇ ಎದ್ದು, ಮೂಡಲಪಾಳ್ಯದಿಂದ ಆಟೋ ಹತ್ತಿ, ದಾರಿಯುದ್ದಕ್ಕೂ "ಬೇಗ ಹೋಗಣ್ಣ, ಬೇಗ" ಎಂದು ಆಟೋದವನ ಪ್ರಾಣ ತಿಂದು, ಮನೆ ಮುಟ್ಟಿದೆ.

ಬಾಗಿಲು ತೆಗೆದವಳು ತಂಗಿ. ಕೈಯಲ್ಲಿ ಚಕ್ಕುಲಿ.

"ಇದೇನಕ್ಕ, ಎಣ್ಣೆ ತಲೇಲೇ ಬಂದ್ಬಿಟ್ಟಿದೀಯ?"

"ನೀನು ಚೆನ್ನಾಗಿದ್ದೀಯಾ?"

"ನಾನು ಚೆನ್ನಾಗೇ ಇದೀನಿ. ಅಪ್ಪ ಬಚ್ಚಲಲ್ಲಿ ನಿನಗೋಸ್ಕರ ಕಾಯ್ತಾ ಇದಾರೆ."

ಬಚ್ಚಲಲ್ಲಿ! ನನಗೋಸ್ಕರ! ಹೋಗಿ ನೋಡಿದರೆ ಚಿಕ್ಕಪ್ಪ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಗಂಭೀರವಾಗಿ ಕೂತಿದ್ದಾರೆ. ಪಕ್ಕದಲ್ಲಿ ನನಗೆಂದು ಇನ್ನೊಂದು ಕುರ್ಚಿ. ಒಂದು ಕಡೆ ಗೀಸರು, ಒಂದು ಕಡೆ ಬಕೆಟ್ಟು, ನಡುವೆ ನಾವಿಬ್ಬರು ಮದುವೆ ಮಾತುಕತೆಗೆ ಕೂತವರಂತೆ.

"ಮೇಲೆ ನೋಡು. ಏನ್ ಕಾಣ್ಸುತ್ತೆ?"

"ಬಲ್ಬು."

"ಚೆನ್ನಾಗಿ ನೋಡು."

"ಬಲ್ಬೇ ಚಿಕ್ಕಪ್ಪ."

"ಸರಿ, ಈಗ ನನ್ನ ಮುಖ ನೋಡು."

ನೋಡಿದೆ. ಅವರ ಮುಖವಿರಬೇಕಾದ ಜಾಗದಲ್ಲಿ ದೊಡ್ಡದೊಂದು ಹಸಿರು ಮಚ್ಚೆ ಕುಣಿಯುತ್ತಿತ್ತು. ಹಾಗೆಂದು ಹೇಳಿದೆ.

"ಹಾಂ! ಅದೇ ವಿಷಯ!" ಎಂದು ತೊಡೆ ತಟ್ಟಿದರು.

"ಇದಕ್ಕೆ ತಕ್ಷಣ ಹೊರಟು ಬಾ ಅಂದ್ರಾ? ನನ್ ಜೀವಾನೇ ಹೋಗಿತ್ತು!"

"ನೀನು ಭೂಗೋಳ ಪಾಠ ಮಾಡೋಳು ಕಣಮ್ಮ. ಸೂರ್ಯ ಚಂದ್ರ ಎಲ್ಲ ನಿನ್ ಕೈಲೇ ಇರೋದು. ಬೆಳಕಿನ ವಿಷಯ ನಿನಗಲ್ದೆ ಇನ್ಯಾರಿಗೆ ಹೇಳ್ಲಿ?"

ಹೈಸ್ಕೂಲು ಮಕ್ಕಳಿಗೆ ಹಗಲು ರಾತ್ರಿ ಹೇಗಾಗುತ್ತದೆ ಎಂದು ಹೇಳಿಕೊಡುವುದಕ್ಕೂ ಬಚ್ಚಲ ಬಲ್ಬಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಸಂಬಂಧ ತೋರಿಸಿಯೇ ಬಿಡುತ್ತಿದ್ದರು.

ಇಲ್ಲಿ ಚಿಕ್ಕಮ್ಮನ ಕಾನೂನಿನ ಬಗ್ಗೆ ಹೇಳದಿದ್ದರೆ ನಿಮಗೆ ಮುಂದಿನದು ಅರ್ಥವಾಗುವುದಿಲ್ಲ. ಹಿಂದಿನ ಸಲ ಚಿಕ್ಕಮ್ಮ ಎಲ್ಲವನ್ನೂ ಸಿದ್ಧ ಮಾಡಿಟ್ಟಿದ್ದರು. ಹಳೆಯ ನೂಲಿನ ಸೀರೆಗಳನ್ನು ಹರಿದು, ಒಗೆದು ಮೆತ್ತಗೆ ಮಾಡಿ, ಮಡಿಸಿಟ್ಟಿದ್ದರು. ಅಟ್ಟದಿಂದ ತೊಟ್ಟಿಲು ಇಳಿಸಿ ಒರೆಸಿದ್ದರು. ಕುಲಾವಿ ಹೊಲಿದಿದ್ದರು. ಆಮೇಲೆ ಅದನ್ನೆಲ್ಲ ತಾವೇ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟರು. ಈ ಸಲ ಅವರ ಕಾನೂನು ಒಂದೇ: ಏನೂ ತರಬಾರದು, ಏನೂ ಹೊಲಿಯಬಾರದು, ಹೆಸರಿನ ಮಾತು ಎತ್ತಬಾರದು. 'ಕೂಸು ಹುಟ್ಟುವ ಮುಂಚೆ ಕುಲಾವಿ' ಎಂದು ನಾವು ನೀವು ತಮಾಷೆಗೆ ಆಡುವ ಗಾದೆಯನ್ನು ಅವರು ತಮಾಷೆಯಿಲ್ಲದೆ ಆಡುತ್ತಿದ್ದರು. 'ಮಗು' ಎಂಬ ಶಬ್ದವೇ ಆ ಮನೆಯಿಂದ ಗಡೀಪಾರಾಗಿತ್ತು. ಮುಖ್ಯರಸ್ತೆಯಲ್ಲಿ ಎಳೆಮಕ್ಕಳ ಬಟ್ಟೆಯ ಅಂಗಡಿಯೊಂದಿದೆ. ಅದರ ಮುಂದೆ ಚಿಕ್ಕಪ್ಪ ನಡೆಯುವುದನ್ನು ನೀವು ನೋಡಬೇಕಿತ್ತು: ಕುಡಿತ ಬಿಟ್ಟವನು ಬಾರಿನ ಮುಂದೆ ಹೋಗುವಾಗ ಆ ಕಡೆಯ ಗೋಡೆ ನೋಡಿಕೊಂಡು ಹೋಗುತ್ತಾನಲ್ಲ, ಥೇಟ್ ಹಾಗೆ.

ಮೊಮ್ಮಗುವಿಗೆಂದು ಒಂದು ಗಿಲಕಿಯನ್ನೂ ತರಲಾರದ ಅಜ್ಜ ಏನು ಮಾಡಬೇಕು? ಬೇರೆಯವರಾಗಿದ್ದರೆ ದೇವರಿಗೆ ಹರಕೆ ಹೊತ್ತುಕೊಂಡು ಸುಮ್ಮನಿರುತ್ತಿದ್ದರು. ನಮ್ಮ ಚಿಕ್ಕಪ್ಪ ಕಾನೂನಿನಲ್ಲಿ ಸಂದಿ ಹುಡುಕಿದರು.

"ತೊಟ್ಟಿಲು ತರಬಾರದು ಅಂದಿದಾಳೆ, ತರಲಿಲ್ಲ. ಬಟ್ಟೆ ತರಬಾರದು ಅಂದಿದಾಳೆ, ತರಲಿಲ್ಲ. ಬಚ್ಚಲಿಗೆ ಬಲ್ಬು ಹಾಕಬಾರದು ಅಂತ ಯಾವ ಶಾಸ್ತ್ರದಲ್ಲಿದೆ, ಹೇಳು ನೋಡೋಣ?"

ನಾನು ಯೋಚಿಸಿದೆ. ಯಾವ ಶಾಸ್ತ್ರದಲ್ಲೂ ಇರಲಿಲ್ಲ. ನಮ್ಮ ಹಿರಿಯರು ಎಷ್ಟೇ ದೂರದೃಷ್ಟಿಯುಳ್ಳವರಾದರೂ ಎಲ್ಇಡಿಯ ತನಕ ಯೋಚಿಸಿರಲಿಲ್ಲ.

"ಅಲ್ಲ ಚಿಕ್ಕಪ್ಪ, ಬಚ್ಚಲಿಗೇ ಯಾಕೆ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಗ್ರಾಹಕರು ಬಚ್ಚಲಿಗೆ ಬಂದಾಗ ಹೇಗಿರ್ತಾರೆ?"

"ಯಾವ ಗ್ರಾಹಕರು?"

ಚಿಕ್ಕಪ್ಪ ಹುಬ್ಬು ಹಾರಿಸಿದರು. ನನಗೆ ಆಗ ಹೊಳೆಯಿತು. ಶಬ್ದ ಗಡೀಪಾರಾಗಿದ್ದರಿಂದ ಅವರು ಬೇರೆಯದನ್ನು ನೇಮಿಸಿಕೊಂಡಿದ್ದರು! ಅದೂ ಬಹುವಚನದಲ್ಲಿ!

"ಅಂಗಾತ ಮಲಗಿರ್ತಾರೆ ಕಣಮ್ಮ. ನಿಮ್ ಚಿಕ್ಕಮ್ಮ ಮಣೆ ಮೇಲೆ ಕೂತ್ಕೊಂಡು ಕಾಲು ನೀಡಿರ್ತಾಳೆ. ಅವಳ ಕಾಲ ಮೇಲೆ ಗ್ರಾಹಕರು. ನಾವು ದೊಡ್ಡೋರು ಸ್ನಾನ ಮಾಡೋವಾಗ ಗೋಡೆ ನೋಡ್ತೀವಿ. ಅವರು ನೋಡೋದು ಏನನ್ನ? ಸೂರನ್ನ. ಸೂರಲ್ಲಿ ಏನಿದೆ?"

ನಾನು ಮೇಲೆ ನೋಡಿದೆ. ಮತ್ತೆ ಹಸಿರು ಮಚ್ಚೆ.

ನಿಜ ಹೇಳುತ್ತೇನೆ, ನನಗೆ ಮೈ ಜುಮ್ಮೆಂದಿತು. ನಮ್ಮ ವಂಶದಲ್ಲಿ ಎಷ್ಟು ಅಜ್ಜಿಯರು ಎಷ್ಟು ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು ಎರೆದಿಲ್ಲ! ಮಗು ಕಿಟಾರನೆ ಕಿರುಚಿದರೆ ನೀರು ಬಿಸಿಯಾಯಿತು ಎನ್ನುತ್ತೇವೆ, ಹಸಿವು ಎನ್ನುತ್ತೇವೆ, ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸುತ್ತೇವೆ. ಆ ಜೀವಕ್ಕೆ ಅಲ್ಲಿಂದ ಏನು ಕಾಣುತ್ತದೆ ಎಂದು ಒಬ್ಬರಾದರೂ ಕೇಳಿದ್ದರೇ? ಎರಡು ಮಕ್ಕಳನ್ನು ಹೆತ್ತ ನಾನು ಕೇಳಿರಲಿಲ್ಲ. ಬೋಲ್ಟು ಪರೀಕ್ಷೆ ಮಾಡುತ್ತಿದ್ದ ಈ ಮನುಷ್ಯ ಕೇಳಿದ್ದರು.

ಅವತ್ತಿನಿಂದ ನಾನು ಅವರ ಶಿಷ್ಯೆಯಾದೆ. ಶಿಷ್ಯೆ ಎಂದರೆ ಸ್ವಿಚ್ಚು ಹಾಕುವವಳು.

ಮೊದಲು ದೀಪದ ಅಂಗಡಿಗೆ ಹೋದೆವು. ಸೂರಿನ ತುಂಬ ನೂರೆಂಟು ದೀಪಗಳು ಉರಿಯುತ್ತಿದ್ದವು. ಎಲ್ಲರೂ ಕತ್ತೆತ್ತಿ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಕತ್ತು ಇಳಿಸುತ್ತಾರೆ. ಚಿಕ್ಕಪ್ಪ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. "ಗ್ರಾಹಕರಿಗೆ ಮೊದಮೊದಲು ಎಲ್ಲಾ ಮಂಜುಮಂಜಾಗಿ ಕಾಣ್ಸೋದು" ಎಂದು ವಿವರಿಸಿ, ಸೀದಾ ಅಂಗಡಿಯ ನೆಲದ ಮೇಲೆ ಅಂಗಾತ ಮಲಗಿಬಿಟ್ಟರು! ಅಂಗಡಿಯಲ್ಲಿ ಹಾಹಾಕಾರವೆದ್ದಿತು. "ಅಯ್ಯೋ, ಅಂಕಲ್ ಬಿದ್ಬಿಟ್ರು!" "ಫಿಟ್ಸು, ಫಿಟ್ಸು! ಕಬ್ಬಿಣ ಕೊಡ್ರೀ ಕೈಗೆ!" ನಾನು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯ ಮಾಲೀಕರು ಓಡಿ ಬಂದು ಗಲ್ಲಾಪೆಟ್ಟಿಗೆಯ ಬೀಗದ ಕೈ ಗೊಂಚಲನ್ನೇ ಚಿಕ್ಕಪ್ಪನ ಅಂಗೈಗೆ ತುರುಕಿ ಮುಷ್ಟಿ ಮುಚ್ಚಿದರು. ಇನ್ನೊಬ್ಬರು ಪಾದ ತಿಕ್ಕತೊಡಗಿದರು. ಚಿಕ್ಕಪ್ಪ ಸೂರಿನಿಂದ ದೃಷ್ಟಿ ಕದಲಿಸದೆ, ಬೀಗದ ಕೈ ಗೊಂಚಲು ಹಿಡಿದ ಕೈಯನ್ನೇ ಎತ್ತಿ ತೋರಿಸಿ, "ಆ ಎಡಗಡೆ ಮೂಲೇದು ಎಷ್ಟು ವ್ಯಾಟು?" ಎಂದರು.

ಆ ಅಂಗಡಿಯಲ್ಲಿ ನಾವು ಏನೂ ಕೊಳ್ಳಲಿಲ್ಲ. ಬೀಗದ ಕೈ ವಾಪಸ್ ಕೊಟ್ಟು ಬಂದೆವು.

ಅಷ್ಟಕ್ಕೇ ಮುಗಿಯಿತೇ? ಬಚ್ಚಲಿನ ಗೋಡೆಯ ಟೈಲ್ಸು ಬಿಳಿಯದು, ಹೊಳೆಯುವಂಥದು. ಮಲಗಿ ನೋಡಿದರೆ ಸೂರಿನ ಬಲ್ಬು ಮೂರೂ ಗೋಡೆಗಳಲ್ಲಿ ಕಾಣಿಸಿಕೊಂಡು ಕಣ್ಣಿಗೆ ಚುಚ್ಚುತ್ತದೆ ಎಂಬುದು ಅವರ ಮುಂದಿನ ಸಂಶೋಧನೆ. ಸ್ಟೀಲಿನ ಚೊಂಬಿನಲ್ಲಿಯೂ ಒಂದು ಬಲ್ಬಿತ್ತು. ಗೀಸರಿನ ಕೆಂಪು ದೀಪವಂತೂ ಹಬೆಯಲ್ಲಿ ಯಾವುದೋ ರಾಕ್ಷಸನ ಒಂಟಿ ಕಣ್ಣಿನಂತೆ ಉರಿಯುತ್ತಿತ್ತು. ಹಬೆ ಏಳಿಸಿ ನೋಡಬೇಕೆಂದು ಬಿಸಿನೀರು ಬಿಟ್ಟುಕೊಂಡು ಒಳಗೆ ಕೂತು, ಬೆವರಿನಲ್ಲಿ ಇಡ್ಲಿಯಾಗಿ ಹೊರಗೆ ಬರುತ್ತಿದ್ದರು. ಒಂದು ದಿನ ಚಿಕ್ಕಮ್ಮ ಮನೆಯೆಲ್ಲ ಹುಡುಕಿದರು: "ನನ್ ಬೊಟ್ಟಿನ ಪ್ಯಾಕೆಟ್ ಎಲ್ಲಿ? ಇಲ್ಲೇ ಕನ್ನಡಿ ಹತ್ರ ಇಟ್ಟಿದ್ದೆ!" ಯಾರಿಗೂ ಗೊತ್ತಿರಲಿಲ್ಲ. ಸಂಜೆ ಮುಖ ತೊಳೆಯಲು ಬಚ್ಚಲಿಗೆ ಹೋದ ಚಿಕ್ಕಮ್ಮ ಅಲ್ಲಿಂದಲೇ ಕೂಗಿದರು: "ರೀ! ಗೀಸರಿಗೆ ಯಾಕ್ರೀ ಬೊಟ್ಟಿಟ್ಟಿದೀರ?" ಕೆಂಪು ದೀಪದ ಮೇಲೆ ದೊಡ್ಡದೊಂದು ಮೆರೂನ್ ಸ್ಟಿಕ್ಕರ್ ಬೊಟ್ಟು ಕೂತಿತ್ತು. ದೀಪ ಮುಚ್ಚಿಹೋಗಿತ್ತು, ಗೀಸರಿಗೆ ಮುತ್ತೈದೆಯ ಕಳೆ ಬಂದಿತ್ತು!

"ಶುಕ್ರವಾರ ಅಲ್ವೇನೇ, ಅದಕ್ಕೆ" ಎಂದರು ಚಿಕ್ಕಪ್ಪ. ಅವತ್ತು ಬುಧವಾರ.

ಆಮೇಲೆ ಎಲೆಕ್ಟ್ರಿಷಿಯನ್ ಬಂದ. ನಂದಿನಿ ಲೇಔಟಿನವನು; ಮಾತು ಜೋರು. ಒಳಗೆ ಒಂದು ಸಲ ಕಣ್ಣಾಡಿಸಿ, "ಸಾರ್, ಈಗೆಲ್ಲಾ ಪ್ಯಾನೆಲ್ ಲೈಟೇ ಸಾರ್. ನಡುಮಧ್ಯ ಒಂದು, ಮೂಲೆ ಮೂಲೆಗೆ ಒಂದೊಂದು. ಸ್ವಿಚ್ ಹಾಕಿದ್ರೆ ಬೆಳ್ಳಗೆ ಫಳಫಳ ಅಂತ, ಆಸ್ಪತ್ರೆ ಥರಾ ಆಗೋಗ್ಬೇಕು!" ಎಂದ.

ಚಿಕ್ಕಪ್ಪ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಆಸ್ಪತ್ರೆ ಥರಾ ಬೇಡಪ್ಪ" ಎಂದರು. "ಮನೆ ಥರಾ ಇರ್ಲಿ."

ಆಮೇಲೆ ತಮ್ಮ ಯೋಜನೆ ಹೇಳಿದರು. ಸೂರಿನ ಬಲ್ಬನ್ನು ಪೂರಾ ತೆಗೆಯಬೇಕು. ಬಾಗಿಲ ಮೇಲ್ಗಡೆ ಗೋಡೆಗೆ ಒಂದು ಅಡ್ಡಪಟ್ಟಿ ಹೊಡೆದು, ಅದರ ಹಿಂದೆ ಬೆಚ್ಚನೆಯ ಹಳದಿ ಬೆಳಕಿನ ದೀಪ ಬಚ್ಚಿಡಬೇಕು. ಮಲಗಿದವರ ತಲೆ ಬಾಗಿಲ ಕಡೆಗಿರುತ್ತದೆ, ಹಾಗಾಗಿ ಅವರಿಗೆ ದೀಪ ಕಾಣುವುದೇ ಇಲ್ಲ. ಬೆಳಕು ಅವರ ತಲೆಯ ಮೇಲಿಂದ ಹಾದುಹೋಗಿ ಎದುರಿಗೆ ಕೂತು ನೀರು ಹಾಕುತ್ತಿರುವವರ ಮುಖದ ಮೇಲೆ ಬೀಳುತ್ತದೆ. ಕಣ್ಣು ಬಿಟ್ಟರೆ ಮೊದಲು ಕಾಣುವುದು ಮುಖ. ಎಂಥ ಲೆಕ್ಕಾಚಾರ! ಎಲೆಕ್ಟ್ರಿಷಿಯನ್‌ಗೆ ಏನೂ ಅರ್ಥವಾಗಲಿಲ್ಲ, ಆದರೂ ಹೇಳಿದಂತೆ ಪಟ್ಟಿ ಹೊಡೆದು ದೀಪ ಕೂರಿಸಿದ. ಇನ್ನು ಪರೀಕ್ಷೆ ಬಾಕಿ.

"ಆ ಮಣೆ ಮೇಲೆ ಕೂತ್ಕೊಂಡು ಕಾಲು ನೀಡಪ್ಪ."

"ಯಾಕ್ ಸಾರ್?"

"ಹೇಳ್ತೀನಿ, ನೀಡು."

ಪಾಪ, ನೀಡಿದ. ಚಿಕ್ಕಪ್ಪ ಪಂಚೆ ಸರಿಮಾಡಿಕೊಂಡು ಅವನ ಕಾಲ ಮೇಲೆ ಅಂಗಾತ ಪವಡಿಸಿದರು! ಅವರ ತಲೆ ಅವನ ಪಾದಗಳ ಮೇಲೆ, ಹೊಟ್ಟೆ ಅವನ ಮಂಡಿಯ ಮೇಲೆ, ಅವರ ಕಾಲುಗಳಿಗೆ ಜಾಗ ಸಾಲದೆ ಅವನ ಎರಡೂ ಹೆಗಲ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತವು.

"ಈಗ ಆನ್ ಮಾಡಮ್ಮ!"

ಹೊರಗಿದ್ದ ನಾನು ಸ್ವಿಚ್ಚು ಹಾಕಿದೆ.

"ಆಹಾ! ನಿನ್ ಮುಖ ಎಷ್ಟು ಚೆನ್ನಾಗಿ ಕಾಣ್ತಾ ಇದೆ ಕಣಯ್ಯ! ಸ್ವಲ್ಪ ನಗು ನೋಡೋಣ."

"ಸಾರ್, ಕಾಲು ಜೋಮು ಹಿಡೀತಾ ಇದೆ ಸಾರ್."

"ನಗಯ್ಯಾ, ಒಂದ್ಸಲ!"

ಅವನು ಅಳುಮುಖದಲ್ಲಿ ನಕ್ಕ. ಅದೇ ಹೊತ್ತಿಗೆ ಚಿಕ್ಕಮ್ಮ ಬೇಳೆ ತೊಳೆದ ಪಾತ್ರೆ ಹಿಡಿದುಕೊಂಡು ಬಾಗಿಲಿಗೆ ಬಂದರು. ನೋಡಿದರು.

"ಏನ್ರೀ ಇದು!"

"ಅರ್ಥಿಂಗ್ ಚೆಕ್ ಮಾಡ್ತಾ ಇದೀವಿ ಕಣೇ" ಎಂದರು ಚಿಕ್ಕಪ್ಪ, ಮಲಗಿದಲ್ಲಿಂದಲೇ.

ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡೆ. ಆದರೆ ಚಿಕ್ಕಮ್ಮ ನಗಲಿಲ್ಲ. ಮಣೆ, ನೀಡಿದ ಕಾಲು, ಅದರ ಮೇಲೆ ಮಲಗಿದವರು: ಈ ಚಿತ್ರ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲೆಕ್ಟ್ರಿಷಿಯನ್ ಕುಂಟುತ್ತಾ ಹೋದ ಮೇಲೆ ಮಾತಾಡಿದರು.

"ನಾನು ಬೇಡ ಅಂದಿದ್ದೆ."

"ಬಲ್ಬು ಕಣೇ ಅದು."

"ನನಗೇನು ಗೊತ್ತಾಗಲ್ವೇನ್ರೀ? ಹೋದ ಸಲ ಒಂದೊಂದೇ ಸೀರೆ ಹರಿದು, ಒಗೆದು, ಮಡಿಸಿ ಇಟ್ಟೆ. ಅದನ್ನೆಲ್ಲ ನಾನೇ ಕೂತ್ಕೊಂಡು ಗಂಟು ಕಟ್ಟಿದೆ. ಆ ಕೆಲಸ ಇನ್ನೊಂದ್ಸಲ ನನ್ ಕೈಲಿ ಮಾಡಿಸ್ಬೇಡಿ. ದಮ್ಮಯ್ಯ ಅಂತೀನಿ, ತೆಗೆದುಬಿಡಿ ಅದನ್ನ."

ಯಾವ ವಾದಕ್ಕೂ ಸೋಲದ ಚಿಕ್ಕಪ್ಪ ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ಟೂಲು ಹತ್ತಿದರು. ಮೊದಲ ಸ್ಕ್ರೂ ಸಡಿಲ ಮಾಡತೊಡಗಿದರು.

"ಅಪ್ಪ, ಇಳೀರಿ."

ತಂಗಿ. ಸೊಂಟದ ಮೇಲೆ ಕೈಯಿಟ್ಟುಕೊಂಡು ಕೋಣೆಯಿಂದ ನಿಧಾನವಾಗಿ ನಡೆದು ಬಂದಳು. ಯಾರೂ ಕೇಳುವ ಮೊದಲೇ ಬಚ್ಚಲೊಳಗೆ ಹೋಗಿ, ಗೋಡೆ ಹಿಡಿದುಕೊಂಡು, ಆ ಮಣೆಯ ಮೇಲೆ ಕಷ್ಟಪಟ್ಟು ಕೂತು, ಕಾಲು ನೀಡಿದಳು. "ಬಾಗಿಲು ಮುಂದಕ್ಕೆ ಹಾಕಕ್ಕ" ಎಂದಳು. ಹಾಕಿದೆ. ನಾವು ಮೂವರು ಹೊರಗೆ ನಿಂತೆವು. ಬಾಗಿಲ ಸಂದಿಯಿಂದ ಹಳದಿ ಬೆಳಕು ನೆಲದ ಮೇಲೆ ಬಿದ್ದಿತ್ತು. ಅವಳು ಒಳಗೆ ಏನು ಮಾಡುತ್ತಿದ್ದಳೋ, ಸುಮ್ಮನೆ ತನ್ನ ಕಾಲು ನೋಡುತ್ತಾ ಕೂತಿದ್ದಳೋ ಗೊತ್ತಿಲ್ಲ. ತುಂಬ ಹೊತ್ತಾದ ಮೇಲೆ ಕರೆದಳು. ಕೈ ಕೊಟ್ಟು ಎಬ್ಬಿಸಿದೆ.

"ಅಮ್ಮ, ಇದು ಇರ್ಲಿ."

"ನಿನಗೆ ಗೊತ್ತಾಗಲ್ಲ, ಸುಮ್ನಿರು."

"ನನಗೇ ಗೊತ್ತಾಗೋದಮ್ಮ. ಇಷ್ಟು ತಿಂಗಳಿಂದ ಎಲ್ರೂ ಒಟ್ಟಿಗೆ ಹೆದರ್ಕೊಂಡಿದೀವಿ, ಅಷ್ಟೇ. ಮಗು ಬರುತ್ತೆ ಅಂತ ನಂಬ್ಕೊಂಡು ಈ ಮನೇಲಿ ಆಗಿರೋ ಕೆಲಸ ಇದೊಂದೇ. ಇರ್ಲಿ ಬಿಡಮ್ಮ."

ಮಗು! ಶಬ್ದ ಸಲೀಸಾಗಿ ಒಳಗೆ ಬಂದುಬಿಟ್ಟಿತ್ತು. ಗೋಡೆ ಬಿರಿಯಲಿಲ್ಲ, ಸೂರು ಬೀಳಲಿಲ್ಲ. ಚಿಕ್ಕಮ್ಮ ಮಗಳ ಮುಖ ನೋಡಿ, "ಬೇಳೆ ಉಕ್ಕಿತೋ ಏನೋ" ಎಂದು ಅಡುಗೆಮನೆಗೆ ಹೋದರು. ಚಿಕ್ಕಮ್ಮನ ಭಾಷೆಯಲ್ಲಿ ಅದೇ ಒಪ್ಪಿಗೆ. ಚಿಕ್ಕಪ್ಪ ಸಡಿಲಾಗಿದ್ದ ಸ್ಕ್ರೂವನ್ನು ಮತ್ತೆ ಬಿಗಿ ಮಾಡಿದರು.

ಹೆರಿಗೆಯ ದಿನದ ಬಗ್ಗೆ ನನ್ನ ಹತ್ತಿರ ಯಾವ ತಮಾಷೆಯೂ ಇಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದೆವು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಂಗಿಯ ಗಂಡ ನೀರಿನ ಬಾಟಲಿಯ ಮುಚ್ಚಳವನ್ನು ತೆಗೆಯುತ್ತಿದ್ದ, ಹಾಕುತ್ತಿದ್ದ, ನೀರು ಮಾತ್ರ ಕುಡಿಯುತ್ತಿರಲಿಲ್ಲ. ಆಮೇಲೆ ಒಳಗಿನಿಂದ ಅಳು ಕೇಳಿಸಿತು. ಎಂಥ ಅಳು ಅಂತೀರಿ! ಆ ಅಳು ಕೇಳಿ ನಾವೆಲ್ಲ ಅತ್ತೆವು. ಹೆಣ್ಣು ಮಗು, ತಾಯಿಯೂ ಚೆನ್ನಾಗಿದ್ದಾಳೆ ಎಂದು ನರ್ಸಮ್ಮ ಬಂದು ಹೇಳಿದರು. ಚಿಕ್ಕಪ್ಪ ಮೂಗು ಒರೆಸಿಕೊಂಡು, ಕತ್ತೆತ್ತಿ ಕಾರಿಡಾರಿನ ಟ್ಯೂಬ್‌ಲೈಟನ್ನು ದುರುಗುಟ್ಟಿ ನೋಡಿ, "ಇದರ ಕೆಳಗೆ ಎತ್ಕೊಂಡು ಬರ್ಬೇಡಿ, ನಾವೇ ಆ ಕಡೆ ಬರ್ತೀವಿ" ಎಂದು ನರ್ಸಮ್ಮನಿಗೇ ಆಜ್ಞೆ ಮಾಡಿದರು!

ಚಿಕ್ಕಮ್ಮನ ಕಾನೂನು ಅವತ್ತೇ ರದ್ದಾಯಿತು. ತವರಿನ ಸೀರೆ, ಮದುವೆಯ ಹೊಸದರ ಸೀರೆ, ಯಾವುದನ್ನೂ ಬಿಡದೆ ಹರಿದರು. ನನ್ನ ಮೈಮೇಲಿನ ನೂಲಿನ ಸೀರೆಯ ಮೇಲೂ ಅವರ ಕಣ್ಣು ಬಿದ್ದಿತ್ತು.

ಹೊಕ್ಕುಳಬಳ್ಳಿ ಬಿದ್ದು, ಮನೆಯಲ್ಲಿ ಮೊದಲ ಸಲ ಎರೆಯುವ ಬೆಳಿಗ್ಗೆ ನಾನೂ ಹೋಗಿದ್ದೆ. ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿಕೊಂಡು ಮಣೆಯ ಮೇಲೆ ಕೂತು ಕಾಲು ನೀಡಿದರು. ಎಣ್ಣೆ ಹಚ್ಚಿದ ಆ ಪುಟ್ಟ ಮೈಯನ್ನು ಅವರ ಕಾಲ ಮೇಲೆ ಮಲಗಿಸಿದೆವು. ನೀರಿನ ಚೊಂಬು ನನ್ನ ಕೈಯಲ್ಲಿ. ತಂಗಿ ಬಾಗಿಲಲ್ಲಿ ಸ್ಕಾರ್ಫ್ ಕಟ್ಟಿಕೊಂಡು ನಿಂತಿದ್ದಳು. ಎರೆಯುವ ಹೊತ್ತಿನಲ್ಲಿ ಗಂಡಸರು ಹತ್ತಿರ ಸುಳಿಯುವ ಪದ್ಧತಿ ಆ ಮನೆಯಲ್ಲಿಲ್ಲ. ಆದ್ದರಿಂದ ಚಿಕ್ಕಪ್ಪ ಗೋಡೆಯ ಆಚೆ, ಸ್ವಿಚ್ಚಿನ ಪಕ್ಕದಲ್ಲಿ.

ಮೊದಲ ಚೊಂಬು ನೀರಿಗೆ ಮಗು ಮುಖ ಕಿವುಚಿ ಒಂದು ಸಲ ಕಿರುಚಿತು. ಚಿಕ್ಕಮ್ಮ ಬಗ್ಗಿ, "ಏನಮ್ಮಾ, ಏನು ನನ್ ಕಂದ" ಎಂದು ಮಾತಾಡಿಸಿದರು. ಕಿರುಚಾಟ ನಿಂತಿತು. ಕಣ್ಣು ಮೊದಲು ಸ್ವಲ್ಪ, ಆಮೇಲೆ ಪೂರ್ತಿ ತೆರೆದುಕೊಂಡವು. ಆ ಹಳದಿ ಬೆಳಕಿನಲ್ಲಿ ಚಿಕ್ಕಮ್ಮನ ಮುಖ ನನಗೇ ಹೊಸದಾಗಿ ಕಂಡಿತು. ಮಗು ಅದನ್ನು ರೆಪ್ಪೆ ಹೊಡೆಯದೆ ನೋಡುತ್ತಿತ್ತು.

"ಕಣ್ಣು?" ಎಂದರು ಚಿಕ್ಕಪ್ಪ ಆಚೆಯಿಂದ.

"ಬಿಟ್ಟಿದಾಳೆ ಚಿಕ್ಕಪ್ಪ."

"ಕಿವುಚ್ಕೊಂಡಿಲ್ವಾ?"

"ಇಲ್ಲ. ಅಗಲವಾಗಿ ಬಿಟ್ಕೊಂಡು ನೋಡ್ತಾ ಇದಾಳೆ."

ಗೆದ್ದೆನೆಂಬ ಜಂಬದ ಮಾತು ಬರುತ್ತದೆ, ದೀಪದ ಮೇಲೆ ಒಂದು ಭಾಷಣ ಬರುತ್ತದೆ ಎಂದು ಕಾದೆ. ಬರಲಿಲ್ಲ. ಚಿಕ್ಕಮ್ಮ ತಲೆಯೆತ್ತಿ, "ಒಳಗೆ ಬನ್ನಿ" ಎಂದರು. ಪದ್ಧತಿ ಬಿಟ್ಟು ಗಂಡನನ್ನು ಬಚ್ಚಲಿಗೆ ಕರೆದರು.

ಚಿಕ್ಕಪ್ಪ ಬಂದು ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಅಷ್ಟು ದಿನ ಒದ್ದಾಡಿ ಕೂರಿಸಿದ ದೀಪದ ಕಡೆ ತಿರುಗಿಯೂ ನೋಡಲಿಲ್ಲ. ಮಗುವಿನ ಮುಖದ ಮೇಲೆ ಬಗ್ಗಿದರು. ಅದು ಅಜ್ಜಿಯ ಮುಖ ಬಿಟ್ಟು ಈ ಹೊಸ ಮುಖದ ಕಡೆ ನಿಧಾನವಾಗಿ ಕಣ್ಣು ತಿರುಗಿಸಿತು.

"ಹೋದ ಸಲ ಬಟ್ಟೇಲಿ ಸುತ್ತಿ ನನ್ ಕೈಗೇ ಕೊಟ್ಟಿದ್ರು" ಎಂದರು ಚಿಕ್ಕಪ್ಪ. ಅವರು ಆ ವಿಷಯ ಆಡಿದ್ದು ಅದೇ ಮೊದಲು. "ತುಂಬಾ ಹೊತ್ತು ಹಿಡ್ಕೊಂಡಿದ್ದೆ. ಮೂಗು ನೋಡ್ದೆ, ಕಿವಿ ನೋಡ್ದೆ, ಬೆರಳಿನ ಉಗುರೆಲ್ಲ ನೋಡ್ದೆ. ಕಣ್ಣು ಹೇಗಿತ್ತು ಅಂತ ಮಾತ್ರ ಗೊತ್ತಾಗ್ಲೇ ಇಲ್ಲ."

ತಂಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನು ಚೊಂಬು ಕೆಳಗಿಟ್ಟೆ. ಚಿಕ್ಕಮ್ಮನ ಎರಡೂ ಕೈ ಎಣ್ಣೆಯಾಗಿದ್ದವು, ಅವರು ತಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ. ಮಗುವಿನ ತಲೆಯ ಕೆಳಗೆ ಅಂಗೈ ಕೊಟ್ಟು, ಅದನ್ನು ಗಂಡನ ಕಡೆಗೆ ಇನ್ನೊಂದಿಷ್ಟು ಎತ್ತಿ ಹಿಡಿದರು.

"ನೋಡ್ಕೊಳ್ಳಿ" ಎಂದರು. "ಎಷ್ಟು ಹೊತ್ತಾದ್ರೂ ನೋಡ್ಕೊಳ್ಳಿ. ನೀರು ಆರಿದ್ರೆ ಮತ್ತೆ ಕಾಯಿಸೋಣ."